ರಾಜಕುಮಾರನ ಐದು ಹೆಜ್ಜೆ

ಮನೆಯಿಂದ, ಅಡುಗೆಮನೆಯ ಮೇಜು
ಮೇ ೧೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಹಿಮ್ಮಡಿ ನೋವು ಈಗ ಹೇಗಿದೆ? ರೋಗಿಗಳು ಮಲಗಿರುತ್ತಾರೆ, ನರ್ಸುಗಳು ನಿಂತಿರುತ್ತಾರೆ, ಆಸ್ಪತ್ರೆ ಅಂದ್ರೆ ಅಷ್ಟೇ ಅಪ್ಪ ಎಂದು ಹೋದ ಸಲ ಫೋನಿನಲ್ಲಿ ನಗಾಡಿದೆ. ನಗಾಡಿದ್ದು ಸರಿ, ಆದರೆ ರಾತ್ರಿ ಮಲಗುವ ಮುಂಚೆ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತೀಯೋ ಇಲ್ಲವೋ ಅದನ್ನು ಮಾತ್ರ ಹೇಳಲಿಲ್ಲ. ನಾನು ಗಟ್ಟಿಯಾಗಿದ್ದೇನೆ. ನಿನ್ನಮ್ಮನ ಮಂಡಿ ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುನಿಸಿಕೊಳ್ಳುತ್ತದೆ. ಅವಳ ಬಾಯಿಗೆ ಯಾವ ತೊಂದರೆಯೂ ಇಲ್ಲ.

ರಜೆಯ ಹೆಸರಿನಲ್ಲಿ ನೀನು ಗೊತ್ತುಮಾಡಿ ಕಳಿಸಿದ ಪ್ರವಾಸ ಮುಗಿಸಿಕೊಂಡು ನಿನ್ನೆ ಸಂಜೆ ಮನೆ ಸೇರಿದೆವು. ಚೆನ್ನಾಗಿತ್ತು ಅಂತ ಒಂದು ಸಾಲು ಬರೆದು ಮುಗಿಸಿ, ಮಗು ಆಸೆಯಿಂದ ಕಳಿಸಿದೆ ಎಂದು ನಿನ್ನಮ್ಮ ಬುದ್ಧಿ ಹೇಳಿದಳು. ಬರೆದೆ ಅಂದುಕೋ. ಇನ್ನು ಉಳಿದದ್ದು ಕೇಳು. ನಾಲ್ಕು ದಿನದಲ್ಲಿ ಮೂರು ಕೋಟೆ, ಎರಡು ಅರಮನೆ, ಒಂದು ಸಮಾಧಿ, ಲೆಕ್ಕವಿಲ್ಲದಷ್ಟು ಕಂಬ. ನಮ್ಮ ಜೊತೆಗೊಬ್ಬ ಗೈಡ್, ಕೆಂಪು ಟೋಪಿಯ ಹುಡುಗ, ನಿನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಎಲ್ಲಿ ನಿಂತರೂ ಅವನದು ಒಂದೇ ಪಲ್ಲವಿ: ಈ ಗೋಡೆ ರಾಜ ಕಟ್ಟಿದ, ಈ ಕೊಳ ರಾಜ ತೋಡಿದ, ಈ ಕಮಾನು ರಾಜ ಎತ್ತಿದ. ನಲವತ್ತೈದು ವರ್ಷ ಗಾರೆ ಕೆಲಸ ಮಾಡಿದವನ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಹೇಳು. ಕರಣೆ ಹಿಡಿಯುವುದು ಯಾವ ಕಡೆಯಿಂದ ಅಂತ ಗೊತ್ತಿರದ ಒಬ್ಬ ಮನುಷ್ಯ ಇಷ್ಟನ್ನೆಲ್ಲ ಒಂದೇ ಆಯುಸ್ಸಿನಲ್ಲಿ ಕಟ್ಟಿ, ನಡುನಡುವೆ ಯುದ್ಧಕ್ಕೂ ಹೋಗಿಬಂದನಂತೆ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದೆ.

ಮೂರನೆಯ ದಿನ ಬಸ್ಸು ಒಂದು ಗುಡ್ಡದ ತಿರುವು ಹತ್ತುವಾಗ ನಿನ್ನಮ್ಮ ನನ್ನ ಮೊಣಕೈ ಹಿಡಿದಳು. "ಇದು ನಮ್ಮ ಅರಮನೆ ಅಲ್ವೇನ್ರೀ?" ಅಂದಳು. ನಮ್ಮದೇ. ನೀನು ಗೊತ್ತಿದ್ದು ಕಳಿಸಿದ್ದಲ್ಲ ಅಂತ ನನಗೆ ಗೊತ್ತು. ನಿನಗೆ ಒಂದೂವರೆ ವರ್ಷವಾಗಿದ್ದಾಗ ದುರಸ್ತಿ ಕೆಲಸಕ್ಕೆ ಅಂತ ಹೋಗಿ, ಗೋಡೆಯ ಹೊರಗಿನ ತಗಡಿನ ಶೆಡ್ಡಿನಲ್ಲಿ ನಾವು ಮೂವರೂ ಇದ್ದೆವಲ್ಲ, ಅದೇ ಅರಮನೆ. ಶೆಡ್ಡು ಇದ್ದ ಜಾಗದಲ್ಲಿ ಈಗ ಐಸ್‌ಕ್ರೀಮ್ ಅಂಗಡಿ.

ಆ ಕಥೆ ನಿನಗೆ ಬಾಯಿಪಾಠ. ನೆಂಟರು ಸೇರಿದಾಗಲೆಲ್ಲ ನಾನೇ ಹೇಳಿದ್ದೇನೆ, ನನ್ನನ್ನು ಅರಮನೆಯಿಂದ ಓಡಿಸಿದವಳು ನನ್ನ ಮಗಳು ಅಂತ. ಆದರೂ ಒಮ್ಮೆ ಬರೆಯುತ್ತೇನೆ, ಯಾಕೆಂದರೆ ಈಗ ಅದು ಸಾಕ್ಷಿ. ದರ್ಬಾರಿನ ಹಿಂದಿನ ಸಣ್ಣ ಹಜಾರದ ಸುಣ್ಣದ ನೆಲ ನನ್ನ ಪಾಲಿಗೆ ಬಂದಿತ್ತು. ಹನ್ನೊಂದು ದಿನದ ಕೆಲಸ. ನಿನ್ನಮ್ಮ ಹೊರಗೆ ಸುಣ್ಣ ಜರಡಿ ಹಿಡಿದಳು, ನಾನು ಒಳಗೆ ಒಂದರ ಮೇಲೊಂದು ಪದರ ಹಾಕಿ ನುಣುಪು ಕಲ್ಲಿನಿಂದ ತಿಕ್ಕಿದೆ. ಕೊನೆಯ ಪದರ ಹಾಕಿದಾಗ ನೆಲದಲ್ಲಿ ಕಿಟಕಿಯ ಸರಳುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಅಂಥ ನೆಲವನ್ನು ನಾನು ಅದಕ್ಕಿಂತ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಬಾಗಿಲಿಗೆ ಅಡ್ಡ ಇಟ್ಟಿದ್ದ ಹಲಗೆಯನ್ನು ಯಾರೋ ತೆಗೆದಿದ್ದರು. ನೀನು ಒಳಗೆ ಬಂದೆ, ಹಸಿ ಸುಣ್ಣದ ಮೇಲೆ ಐದು ಹೆಜ್ಜೆ ನಡೆದೆ. ಆರನೆಯದು ಇಡುವಷ್ಟರಲ್ಲಿ ನಾನು ಓಡಿ ಬಂದು ಎತ್ತಿಕೊಂಡೆ. ಅದೇ ಹೊತ್ತಿಗೆ ಮೇಲ್ವಿಚಾರಕನೂ ಬಂದ. ಕೆಲಸದ ಜಾಗಕ್ಕೆ ಮಗುವನ್ನು ತಂದವನಿಗೆ ಇಲ್ಲಿ ಕೆಲಸವಿಲ್ಲ ಎಂದ. ಸವರಿ ಸರಿಮಾಡುತ್ತೇನೆ ಸ್ವಾಮಿ, ಒಂದು ಗಳಿಗೆ ಕೊಡಿ ಎಂದು ಗೋಗರೆದೆ. ಕೊಡಲಿಲ್ಲ. ಸಂಜೆಗೆ ಶೆಡ್ಡು ಖಾಲಿ ಮಾಡಿದೆವು. ಆಮೇಲೆ ಮನೆಗಳ ಗೋಡೆ, ಅಂಗಡಿಗಳ ಗೋಡೆ. ಅಂಥ ಹಳೆಯ ಕೆಲಸಕ್ಕೆ ಮತ್ತೆ ಯಾರೂ ನನ್ನನ್ನು ಕರೆಯಲಿಲ್ಲ.

ಈಗ ಆ ಹಜಾರಕ್ಕೆ ಹಿತ್ತಾಳೆಯ ಕಂಬ ನೆಟ್ಟು ಹಗ್ಗ ಕಟ್ಟಿದ್ದಾರೆ. ಮೇಲಿನಿಂದ ದೀಪ ಬೇರೆ. ಹಗ್ಗದ ಒಳಗೆ ನಿನ್ನ ಐದು ಹೆಜ್ಜೆ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತದ್ದು ಹಾಗೇ ಮೂಡಿದೆ, ನಿನ್ನಮ್ಮನ ಮನೆಯ ಕಡೆಯವರ ಕಾಲು. ಟೋಪಿಯವನು ದನಿ ತಗ್ಗಿಸಿ ಶುರುಮಾಡಿದ: ನಾನೂರು ವರ್ಷದ ಹಿಂದೆ ಈ ನೆಲ ಇನ್ನೂ ಹಸಿಯಾಗಿದ್ದಾಗ ಪುಟ್ಟ ರಾಜಕುಮಾರ ದಾದಿಯ ಕೈ ತಪ್ಪಿಸಿಕೊಂಡು ಓಡಿಬಂದ. ಕೆಲಸಗಾರರು ಗಡಗಡ ನಡುಗಿದರು. ರಾಜ ನಕ್ಕ. ನೋಡಿ, ಹೆಜ್ಜೆ ಇಲ್ಲಿಗೆ ನಿಲ್ಲುತ್ತದೆ, ಆರನೆಯದು ಇಲ್ಲ, ಯಾಕೆ ಹೇಳಿ? ಇಲ್ಲಿ ರಾಜ ಮಗನನ್ನು ಎತ್ತಿಕೊಂಡು, ಆ ಸುಣ್ಣದ ಪಾದಕ್ಕೆ ಮುತ್ತಿಟ್ಟ. ಈ ಗುರುತನ್ನು ಯಾರೂ ಅಳಿಸಕೂಡದು ಎಂದು ಅಪ್ಪಣೆ ಮಾಡಿದ. ಹೆಂಗಸರೆಲ್ಲ ಅಯ್ಯೋ ಎಂದು ಕರಗಿಹೋದರು. ಒಬ್ಬ ಕಣ್ಣೊರೆಸಿಕೊಂಡ. ನನ್ನ ಮೈಯೆಲ್ಲ ಉರಿದುಹೋಯಿತು. ಯಾವ ಗುರುತಿಗಾಗಿ ನನ್ನ ಹೊಟ್ಟೆಯ ಮೇಲೆ ಹೊಡೆದರೋ ಅದೇ ಗುರುತಿಗೆ ಈಗ ದೀಪದ ಸೇವೆ. ಅದೂ ರಾಜಕುಮಾರನಂತೆ, ಹೆಣ್ಣುಮಗಳ ಕಾಲಿಗೆ.

"ತಮ್ಮಾ, ಅದು ನನ್ನ ಮಗಳ ಕಾಲು" ಎಂದೆ. ಅವನು ಟೋಪಿ ತೆಗೆದು ಬಗ್ಗಿ, "ಹಾಗಾದ್ರೆ ತಾವೇ ಮಹಾರಾಜರು ಅಂದಂಗಾಯ್ತು" ಎಂದ. ಎಲ್ಲರೂ ನಕ್ಕರು. ನಿನ್ನಮ್ಮ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಸೀದಾ ಟಿಕೆಟ್ ಕಿಟಕಿಯ ಹಿಂದಿನ ಕಚೇರಿಗೆ ಹೋದೆ. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಪೂರ್ತಿ ಕೇಳಿದ. ಆಧಾರ ಏನಿದೆ ಯಜಮಾನ್ರೇ ಎಂದ. ಕಾಲೇ ಆಧಾರ ಎಂದೆ. "ನಿಮ್ಮ ಮಗಳಿಗೆ ಈಗೆಷ್ಟು ವಯಸ್ಸು? ಆ ಕಾಲು ಈ ಅಚ್ಚಿಗೆ ಹಿಡಿಸುತ್ತಾ?" ಎಂದು ಮೆಲ್ಲಗೆ ಕೇಳಿದ. ಕಿರುಬೆರಳಿನ ವಿಷಯ ಹೇಳಿದೆ. ಅವನು ಮೇಜಿನ ಖಾನೆ ಎಳೆದು ಹುಡುಕಿದ. ಆಮೇಲೆ ಒಂದು ಅರ್ಜಿ ಕೊಟ್ಟು ಹೇಳಿದ್ದು ಇದು: ನೀವೂ ಮಗಳೂ ಸಹಿ ಮಾಡಿ, ಅವರ ಎಡಗಾಲಿನ ಅಚ್ಚು ತೆಗೆದು ಕಳಿಸಿ, ನಾವು ಪರೀಕ್ಷೆ ಮಾಡುತ್ತೇವೆ. ನಿಮ್ಮ ಮಾತು ನಿಜವಾದರೆ ಅದು ಹಳೆಯ ಗುರುತಲ್ಲ, ದುರಸ್ತಿಯಲ್ಲಾದ ಹಾಳು. ಮುಚ್ಚಿ ನೆಲ ಸರಿಮಾಡಿಸಬೇಕಾಗುತ್ತದೆ, ನಿಯಮ ಹಾಗಿದೆ.

ಮುಚ್ಚಲಿ ಎಂದುಕೊಂಡೆ. ಸುಳ್ಳಿನ ಮೇಲೆ ದೀಪ ಉರಿಯುವುದಕ್ಕಿಂತ ನನ್ನ ನೆಲ ನಾನು ಬಯಸಿದ್ದ ಹಾಗೆ ನುಣ್ಣಗಾಗಲಿ. ಮೂವತ್ತೇಳು ವರ್ಷ ತಡವಾಗಿ ಆ ಒಂದು ಗಳಿಗೆ ನನಗೆ ಸಿಕ್ಕಿದಂತಾಯಿತು. "ಬನ್ನಿ ಮಹಾರಾಜರೇ, ಬಸ್ಸು ಹೊರಡುತ್ತೆ" ಎಂದು ನಿನ್ನಮ್ಮ ಬಾಗಿಲಲ್ಲಿ ನಿಂತು ಕರೆದಳು. ದಾರಿಯುದ್ದಕ್ಕೂ ಆ ಅರ್ಜಿಯನ್ನು ಮಡಿಕೆ ಬೀಳದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಕೆಳಗಿನ ಗೆರೆಯ ಮೇಲೆ ಸಹಿ ಹಾಕು. ಪಾದಕ್ಕೆ ಸ್ವಲ್ಪ ಶಾಯಿ ಬಳಿದು ಬಿಳಿ ಹಾಳೆಯ ಮೇಲೆ ಊರು, ಕಿರುಬೆರಳು ಸ್ಪಷ್ಟವಾಗಿ ಬೀಳಬೇಕು. ನೋವಿರುವ ಕಾಲು, ಹೆಚ್ಚು ಒತ್ತಬೇಡ. ತಡಮಾಡಬೇಡ.

ಊಟ ನಿದ್ದೆ ಸರಿಯಾಗಿ ಮಾಡು. ಅಳಿಯಂದಿರಿಗೆ ನಮ್ಮಿಬ್ಬರ ನೆನಪು ಹೇಳು. ನೀನು ಎಲ್ಲೇ ನಿಂತರೂ ಕಾಲು ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ ಅಪ್ಪ

ಮತ್ತೆ: ಅಂಚೆಪೆಟ್ಟಿಗೆ ಖಾಲಿ ಮಾಡುವವನು ಹನ್ನೊಂದಕ್ಕೆ ಬರುತ್ತಾನೆ, ಬೇಗ ಬರೆಯುತ್ತಿದ್ದೇನೆ. ಅಂಟಿಸುವ ಮೊದಲು ನಿನ್ನಮ್ಮ ಓದಿದಳು. "ಎತ್ತಿಕೊಂಡೆ ಅಂತ ಬರೆದಿದ್ದೀರಲ್ಲ" ಎಂದಳು. ಪಾತ್ರೆ ತೊಳೆಯಲು ಹೋದಳು. ಗುಬ್ಬಿ, ನಾನು ಎತ್ತಿಕೊಳ್ಳಲಿಲ್ಲ. ತೋಳು ಹಿಡಿದು ಎಳೆದೆ. ಸುಣ್ಣ ಮೆತ್ತಿದ ಕೈಯಲ್ಲೇ ಕಾಲಿಗೆ ಎರಡು ಸಲ ಹೊಡೆದೆ. ಸಂಜೆ ನಿನ್ನಮ್ಮ ತೊಳೆದರೂ ನನ್ನ ಬೆರಳುಗಳ ಗುರುತು ಹೋಗಿರಲಿಲ್ಲ. ಹಲಗೆ ತೆಗೆದ ಆ ಯಾರೋ ನಾನೇ. ಟೀ ಕುಡಿಯಲು ಹೊರಗೆ ಹೋಗಿದ್ದೆ. ಇಷ್ಟು ವರ್ಷ ನೆಂಟರೆದುರು ನಿನ್ನ ಮೇಲೆ ಹೊರಿಸಿ ನಗಿಸಿದೆ, ನೀನೂ ನಕ್ಕೆ. ತಪ್ಪಾಯಿತು ಮಗಳೇ. ಅರ್ಜಿಯನ್ನು ಇದರಿಂದ ಹೊರಗೆ ತೆಗೆದಿದ್ದೇನೆ, ಹುಡುಕಬೇಡ. ಆ ನೆಲ ರಾಜನ ಹೆಸರಿನಲ್ಲೇ ಇರಲಿ. ಅವನು ಮಗುವನ್ನು ಎತ್ತಿಕೊಂಡನಂತೆ.