ವಿಲ್ಲಾಳ ಮೂಲೆಯ ಗೋಡೆ

ಬರ್ಚ್ ತಿರುವು, ಅಲಾಸ್ಕಾ
ಬುಧವಾರ, ನವೆಂಬರ್ 16, 1994

ಪ್ರೀತಿಯ ವಿಲ್ಲಾ,

ಹೇಗಿದ್ದೀಯ ಮಗಳೇ? ನನ್ನ ಮೊಮ್ಮಗಳು ಟೆಸ್‌ಳ ಕೆಮ್ಮು ಹೇಗಿದೆ? ನಿಮ್ಮ ಆರೆಗನ್‌ನ ಮಳೆಗಾಲ ಶುರುವಾಗಿರಬೇಕು, ಅವಳ ಎದೆಗೆ ಬೆಚ್ಚಗೆ ಏನಾದರೂ ಸುತ್ತು. ನಾನು ಅರವತ್ತೆಂಟಕ್ಕೆ ಎಷ್ಟು ಚೆನ್ನಾಗಿರಬಹುದೋ ಅಷ್ಟು ಚೆನ್ನಾಗಿದ್ದೇನೆ. ಮೊಣಕಾಲುಗಳು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಈ ಕಾಗದದ ನಾಲ್ಕು ಮೂಲೆಗಳಲ್ಲೂ ತೂತುಗಳಿವೆ, ಇಲಿ ಕಡಿದದ್ದು ಅಂದುಕೊಳ್ಳಬೇಡ.

ಜೂನ್‌ನಲ್ಲಿ ನೀನು ಬರೆದ ಪತ್ರ ಮೇಜಿನ ಮೇಲೆಯೇ ಇದೆ. ಬರುವ ಬೇಸಿಗೆಯಲ್ಲಿ ಟೆಸ್‌ಳನ್ನು ಒಂದು ತಿಂಗಳು ಕರೆದುಕೊಂಡು ಬರುತ್ತೇನೆ ಎಂದಿದ್ದೆ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದೆ: "ನನ್ನ ಮೂಲೆಯ ಗೋಡೆ ಈಗಲೂ ಒದ್ದೆ ಆಗುತ್ತಾ ಅಪ್ಪ? ಇವಳಿಗೂ ನನ್ನ ಹಾಗೇ ಎದೆ ಕಟ್ಟುತ್ತೆ." ಅದಕ್ಕೆ ನಾನು ಎರಡೇ ಸಾಲಿನ ಉತ್ತರ ಬರೆದೆ. ಆ ಗೋಡೆ ಯಾವತ್ತೂ ಒದ್ದೆಯಾಗಿರಲಿಲ್ಲ, ಅದು ನಿನ್ನಮ್ಮ ನಿನಗೆ ಹೇಳಿಕೊಟ್ಟ ಮಾತು ಅಂತ. ಬರೆದ ಮೇಲೆ ಒಳ್ಳೆಯ ಮೊಳೆ ಹೊಡೆದಷ್ಟು ಸಮಾಧಾನವಾಗಿತ್ತು. ಆಮೇಲೆ ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಗುರುವಾರ ಗುರುವಾರ ಅಂಚೆ ವಿಮಾನ ಬಂತು, ಹೋಯಿತು. ನಿನ್ನ ಅಕ್ಷರ ಬರಲಿಲ್ಲ. ನೀನು ಬರುವುದಿಲ್ಲ ಎಂದು ಅರ್ಥವಾಯಿತು, ಆದರೆ ತಪ್ಪು ಯಾರದು ಎಂದು ಆಗಲೂ ಅರ್ಥವಾಗಲಿಲ್ಲ.

ನಿಜ ಹೇಳಬೇಕೆಂದರೆ, ನಿನ್ನ ಮಾತು ಸುಳ್ಳು ಅಂತ ತೋರಿಸಬೇಕೆಂದೇ ಗೋಡೆಗೆ ಕೈ ಹಾಕಿದೆ. ಹೊರಗಿನ ಒಂದು ಹಲಗೆ ಎಬ್ಬಿಸಿ, ಒಳಗಿನ ಒಣ ಮರದ ಒಂದು ಚೂರನ್ನು ಲಕೋಟೆಯಲ್ಲಿಟ್ಟು ನಿನಗೆ ಕಳಿಸುವ ಯೋಚನೆ ನನ್ನದು. ಹಾರೆ ಬೇಕಾಗಲೇ ಇಲ್ಲ. ಹಲಗೆ ಬೆರಳಿಗೇ ಕಿತ್ತು ಬಂತು. ಮೊಳೆಗಳಿಗೆ ಹಿಡಿದುಕೊಳ್ಳಲು ಒಳಗೆ ಏನೂ ಉಳಿದಿರಲಿಲ್ಲ. ಚಳಿ ತಡೆಯಲೆಂದು ತುಂಬಿದ್ದ ಗಾಜಿನ ಹತ್ತಿ ಕಪ್ಪಗೆ ಮುದ್ದೆಯಾಗಿ ಕುಸಿದಿತ್ತು, ಕೊಳೆತ ಕೆಳತೊಲೆಗೆ ಚಮಚ ಚುಚ್ಚಿದರೂ ಇಳಿಯುತ್ತಿತ್ತು. ನದಿಯಾಚೆಯ ಎಫಿ ಅದೇ ಹೊತ್ತಿಗೆ ಹೊಗೆಮೀನು ತಂದಳು. ನೆನಪಿದೆಯಲ್ಲ, ಮೀನಿನ ತೊಗಲು ಚೀಪಲು ಕೊಟ್ಟು ನಿನ್ನ ಅಳು ನಿಲ್ಲಿಸುತ್ತಿದ್ದಳು. ಅವಳು ದೋಣಿ ಕಟ್ಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನೋಡಿದಳು. "ಏನಪ್ಪಾ ಹಾರ್ಲನ್, ಒಳಗೊಂದು ಪ್ಲಾಸ್ಟಿಕ್, ಹೊರಗೊಂದು ಪ್ಲಾಸ್ಟಿಕ್. ಎರಡು ರೇನ್‌ಕೋಟ್ ತೊಟ್ಕೊಂಡು ಗುಡ್ಡ ಹತ್ತಿ ನೋಡು, ಬೆವರು ಎಲ್ಲಿಗ್ ಹೋಗತ್ತೆ ಅಂತ. ಮನೆ ಇಪ್ಪತ್ತೆಂಟು ವರ್ಷದಿಂದ ಬೆವರ್ತಾ ಕೂತಿದೆ, ನೀನೊಬ್ನೇ ಒಣಗಿದ್ದೀಯ." ಗೊತ್ತಿದ್ದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳಿದ್ನಲ್ಲ. ಆವಾಗ ನೀನು ಹೇಳೋನಾಗಿದ್ದೆ, ಕೇಳೋನಾಗಿರ್ಲಿಲ್ಲ," ಎಂದು ಮೀನನ್ನು ಮೆಟ್ಟಿಲ ಮೇಲಿಟ್ಟು ಹೊರಟಳು.

ಆ ಹೊರಗಿನ ಪ್ಲಾಸ್ಟಿಕ್ ಹೊದಿಸಿದವನು ನಾನೇ. ಅರವತ್ತಾರರಲ್ಲಿ ಕಟ್ಟುವಾಗ ಗಾಳಿಯ ಭಯ ಒಂದೇ ತಲೆಯಲ್ಲಿತ್ತು. ಒಂದು ಹಾಳೆ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಮೂರು ಜನರ ಉಸಿರು, ಒಲೆಯ ಮೇಲೆ ಕುದಿಯುವ ನೀರಿನ ಹಬೆ, ಒಣಹಾಕಿದ ಬಟ್ಟೆಯ ತೇವ, ಎಲ್ಲ ಗೋಡೆಯೊಳಗೆ ಹೊಕ್ಕು ಅಲ್ಲೇ ಸಿಕ್ಕಿಬಿದ್ದವು. ನಿನ್ನ ಮಂಚ ಇದ್ದದ್ದು ಒಲೆಯಿಂದ ದೂರದ ಆ ಮೂಲೆಯಲ್ಲಿ. ಬೆಳಗ್ಗೆ ಕಂಬಳಿ ಗೋಡೆಗೆ ಹೆಪ್ಪುಗಟ್ಟಿ ಅಂಟಿರುತ್ತಿತ್ತು. ನಾನೇ ಅದನ್ನು ಕಿತ್ತು, "ಗೋಡೆ ಕಡೆ ಮುಖ ಹಾಕ್ಕೊಂಡು ಮಲಗ್ಬೇಡ ಅಂತ ಎಷ್ಟು ಸಲ ಹೇಳೋದು?" ಎನ್ನುತ್ತಿದ್ದೆ. ನೀನು ನಾಯಿಯ ಚಿತ್ರ ಬರೆದು ಅಲ್ಲಿ ಅಂಟಿಸಿದ್ದೆ. ವಾರದಲ್ಲಿ ಬಣ್ಣವೆಲ್ಲ ಇಳಿದು ನಾಯಿಗೆ ಎಂಟು ಕಾಲು ಬಂದವು. ನೀನು ನೀರು ಚೆಲ್ಲಿದ್ದೀಯ ಎಂದು ಬೈದೆ. "ಗೋಡೆ ಅಳ್ತಾ ಇದೆ ಅಪ್ಪ," ಎಂದೆ ನೀನು. ಆಗ ನಕ್ಕಿದ್ದು ಈಗ ನೆನಪಾಗುತ್ತದೆ.

ಸೆಪ್ಟೆಂಬರ್ ಪೂರ್ತಿ ಅದೇ ಕೆಲಸ. ಜಾಕ್ ಹಾಕಿ ಛಾವಣಿಯನ್ನು ಎತ್ತಿ, ಮೂರು ಕಂಬಗಳ ಆಸರೆ ಕೊಟ್ಟು, ಗೋಡೆಯನ್ನು ಪೂರ್ತಿ ತೆಗೆದೆ. ಐದು ದಿನ ಮನೆಗೆ ಒಂದು ಮಗ್ಗುಲೇ ಇರಲಿಲ್ಲ. ಟಾರ್ಪಾಲು ಕಟ್ಟಿಕೊಂಡು, ಟೋಪಿ ಹಾಕಿಕೊಂಡೇ ಊಟ ಮಾಡಿದೆ. ನಿನ್ನ ಮೂಲೆಯ ಕಿಟಕಿಯ ಚೌಕಟ್ಟು ಎಬ್ಬಿಸಿದಾಗ ಅದರ ಕೆಳಗಿನ ಸಂದಿಯಲ್ಲಿ ಏನೋ ತುರುಕಿದ್ದು ಸಿಕ್ಕಿತು. ಬಿಡಿಸಿ ನೋಡಿದರೆ ಕೆಂಪು ಉಣ್ಣೆಯ ಕೈಗವಸು, ನನ್ನ ಎರಡು ಬೆರಳು ಹಿಡಿಸುವಷ್ಟು ಚಿಕ್ಕದು. ಕಳೆದುಹಾಕಿದ್ದೀಯ ಎಂದು ನಾನು ನಿನ್ನನ್ನು ಒಂದು ದಿನ ಹೊರಗೆ ಆಡಲು ಬಿಡದೆ ಕೂರಿಸಿದ್ದೆನಲ್ಲ, ಅದು. ನೀರು ಹಾಸಿಗೆಗೆ ಇಳಿಯದಿರಲೆಂದು ನೀನೇ ತುರುಕಿದ್ದೆ, ಕೇಳಿದರೆ ಬೈಯುತ್ತೇನೆಂದು ಹೇಳಲಿಲ್ಲ. ನಾನು ಹಲಗೆಯ ರಾಶಿಯ ಮೇಲೆ ಕುಳಿತೆ. ಆ ದಿನ ಮತ್ತೆ ಸುತ್ತಿಗೆ ಮುಟ್ಟಲಿಲ್ಲ.

ನಿನಗೆ ಎಂಟು ತುಂಬಿದ ಚಳಿಗಾಲದಲ್ಲಿ ನಿನ್ನಮ್ಮ ಲೋರೇನ್ ನಿನ್ನನ್ನು ವಿಮಾನ ಹತ್ತಿಸುವಾಗ, "ಈ ಮನೆಯಲ್ಲಿ ಇವಳಿಗೆ ಉಸಿರಾಡಕ್ಕಾಗಲ್ಲ ಹಾರ್ಲನ್," ಎಂದಳು. ಅವಳಿಗೆ ಊರಿನ ಸುಖ ಬೇಕಾಗಿದೆ, ಮಗುವಿನ ನೆಪ ಹೇಳುತ್ತಿದ್ದಾಳೆ ಎಂದು ನಾನು ನದಿಯುದ್ದಕ್ಕೂ ಹೇಳಿಕೊಂಡು ತಿರುಗಿದೆ. ಈಗ ಅವಳು ತೀರಿಕೊಂಡು ಮೂರು ವರ್ಷ. ಅವಳಿಗೆ ಬರೆಯಲು ನನ್ನ ಹತ್ತಿರ ವಿಳಾಸವಿಲ್ಲ.

ಹೊಸ ಗೋಡೆಗೆ ಒಳಗೆ ಮಾತ್ರ ಪ್ಲಾಸ್ಟಿಕ್. ಹೊರಗೆ ಗಾಳಿ ತಡೆದು ಹಬೆಯನ್ನು ಬಿಡುವ ಹೊದಿಕೆ, ಅದರ ಮೇಲೆ ಹಲಗೆ. ಕಿಟಕಿ ಎರಡು ಗಾಜಿನದು, ಫೇರ್‌ಬ್ಯಾಂಕ್ಸ್‌ನಿಂದ ತರಿಸಿದ್ದು. ಎಫಿಯ ದೋಣಿಯಲ್ಲಿ ಅವಳೂ ನಾನೂ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆವು. ಹಳೆಯದನ್ನು ಕರಡಿ ಇಣುಕುತ್ತದೆಂದು ನನ್ನ ಎದೆಯ ಎತ್ತರಕ್ಕೆ ಕೂರಿಸಿದ್ದೆ. ನಿನಗೆ ಮಂಚದಿಂದ ಆಕಾಶ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಈ ಸಲ ಕಿಟಕಿಯ ಮಟ್ಟ ಹಿಡಿಯುವ ಮುಂಚೆ ಬಾಗಿಲ ಚೌಕಟ್ಟಿನ ಮೇಲೆ ನಿನಗೆ ಆರು ತುಂಬಿದ ದಿನ ನಿನ್ನ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆ ನೋಡಿದೆ. ಅದಕ್ಕಿಂತ ಬಹಳ ಕೆಳಗೆ, ಮಂಚದ ದಿಂಬಿನ ಮಟ್ಟಕ್ಕೆ ಕೂರಿಸಿದೆ. ಮಲಗಿದಲ್ಲಿಂದಲೇ ನದಿ ಕಾಣುತ್ತದೆ. ಕರಡಿ ಇಣುಕಿದರೆ ಇಣುಕಲಿ, ಅದಕ್ಕೂ ಟೆಸ್ ಕಾಣಲಿ.

ಅಕ್ಟೋಬರ್ ನಡುವಿನಿಂದ ನದಿ ಹೆಪ್ಪುಗಟ್ಟುತ್ತಿದೆ. ದೋಣಿಯೂ ಹೋಗದು, ಮಂಜುಗಡ್ಡೆಯ ಮೇಲೆ ಕಾಲೂ ಇಡಲಾಗದು, ವಿಮಾನಕ್ಕೂ ಇಳಿಯಲು ಜಾಗವಿಲ್ಲ. ಐದು ವಾರದಿಂದ ಮನುಷ್ಯರ ದನಿ ಎಂದರೆ ರೇಡಿಯೋ ಒಂದೇ. ಆಚೆ ದಡದಲ್ಲಿ ಎಫಿಯ ಹೊಗೆ ಎದ್ದರೆ ಅವಳಿದ್ದಾಳೆ ಎಂದು ನನಗೆ, ನನ್ನ ಹೊಗೆ ಎದ್ದರೆ ನಾನಿದ್ದೇನೆ ಎಂದು ಅವಳಿಗೆ. ಸಂಜೆ ರೇಡಿಯೋದವರು ಕಾಡಿನಲ್ಲಿರುವವರಿಗೆ ಮನೆಯವರ ಸಂದೇಶ ಓದುತ್ತಾರಲ್ಲ, ಯಾರದೋ ಹೆರಿಗೆ, ಯಾರದೋ ಹಲ್ಲುನೋವು, ಎಲ್ಲ ಕೇಳುತ್ತೇನೆ. ನನ್ನ ಹೆಸರು ಬರುವುದಿಲ್ಲ. ಒಂಟಿತನ ನನಗೆ ಅಭ್ಯಾಸ ಎಂದು ಹೇಳಿಕೊಳ್ಳುತ್ತಿದ್ದೆ. ಈ ಸಲ ಅದು ಅಭ್ಯಾಸವಾಗಿಲ್ಲ ಎಂದು ಗೊತ್ತಾಯಿತು. ಇವತ್ತಿಗೆ ನದಿಯ ಮಂಜುಗಡ್ಡೆ ಗಟ್ಟಿಯಾಗಿದೆ, ನಾಳೆ ಅದರ ಮೇಲೆ ಮೊದಲ ವಿಮಾನ ಇಳಿಯಬಹುದು.

ಟೆಸ್‌ಗೆ ಅಜ್ಜನ ಮುತ್ತು. ಎಫಿ ನಿನ್ನನ್ನು ಕೇಳುತ್ತಿರುತ್ತಾಳೆ. ಇಬ್ಬರೂ ಗಟ್ಟಿಯಾಗಿರಿ, ಬೆಚ್ಚಗಿರಿ.

ನಿನ್ನ ಅಪ್ಪ,
ಹಾರ್ಲನ್

ಮರೆತೆ — ಗುರುವಾರ ಬೆಳಗ್ಗೆ, ವಿಮಾನದ ಸದ್ದು ಕೇಳುತ್ತಿದೆ. ಆ ತೂತುಗಳು ಮೊಳೆಯವು. ಈ ಹಾಳೆಗಳು ನಿನ್ನೆಯವರೆಗೆ ಇಪ್ಪತ್ತೊಂದು ದಿನ ಖಾಲಿಯಾಗಿ ನಿನ್ನ ಮೂಲೆಯ ಗೋಡೆಯ ಮೇಲಿದ್ದವು, ನಿನ್ನ ನಾಯಿಯ ಚಿತ್ರ ಇದ್ದ ಜಾಗದಲ್ಲೇ. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ದಿನವೂ ಒಲೆಯ ಮೇಲೆ ನೀರು ಕುದಿಯಲು ಬಿಟ್ಟು, ನಿನ್ನ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಮಲಗಿದೆ. ಕಾಗದವನ್ನು ಸವರಿ ನೋಡು, ಶಾಯಿ ಎಲ್ಲೂ ಹರಡಿಲ್ಲ. ಗೋಡೆ ಈಗ ಒಣಗಿದೆ. ಆಗ ಒದ್ದೆಯಾಗಿತ್ತು, ವಿಲ್ಲಾ. ನೀನು ಹೇಳಿದ್ದು ನಿಜ.