ತುಪ್ಪವಿಲ್ಲದ ದೋಸೆ ಮತ್ತು ಸರ್ವಾಧಿಕಾರಿ

ಮೋಡಗಟ್ಟಿ,
ಫೆಬ್ರವರಿ 30, 2419

ಇಪ್ಪತ್ತೊಂದನೇ ಶತಮಾನದ ಪೂಜ್ಯ ಪೂರ್ವಜರಿಗೆ ಸಾಷ್ಟಾಂಗ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಮೋಡಪಾಲರ ಹುಟ್ಟುಹಬ್ಬಕ್ಕೆ ಒಂದು ದಿನ, ದಣಿವಾರಿಸಿಕೊಳ್ಳಲು ಇನ್ನೊಂದು ದಿನ ಬೇಕೆನಿಸಿತು, ಅಪ್ಪಣೆಯಾಯಿತು, ಬಂತು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮೋಡಪಾಲ ಎಂದರೆ ಬಲೆ ಹಾಕಿ ಮೋಡ ಹಿಡಿದು ಊರಿಗೆ ನೀರು ಹಂಚುವಾತ. ವರ್ಷಕ್ಕೊಬ್ಬರಂತೆ ಪಾಳಿಯ ಕೆಲಸ ಅದು. ಈಗಿನವರ ಪಾಳಿ ಹತ್ತೊಂಬತ್ತು ವರ್ಷವಾದರೂ ಮುಗಿದಿಲ್ಲ. ಎದುರಾಡಿದ ಓಣಿಗೆ ನೀರಿಲ್ಲ. ನಮ್ಮಕ್ಕ ನೀಲವ್ವ ಸಭೆಯಲ್ಲಿ ಎದ್ದು, "ನಿನ್ನ ಪಾಳಿ ಯಾವಾಗ ಮುಗಿತದೋ ಯಪ್ಪಾ?" ಎಂದಳು, ಅಷ್ಟೇ. ಆರು ತಿಂಗಳಿಂದ ಬಲೆಗೋಪುರದ ಬೀಗ ಜಡಿದ ಕೋಣೆಯಲ್ಲಿದ್ದಾಳೆ.

ನಾನು ದೂರು ಕೊಟ್ಟೆ. ದೂರಿಗೆ ಒಂದೇ ಪದ ಎಂಬುದು ಇಲ್ಲಿನ ಕಟ್ಟಳೆ. 'ಸರ್ವಾಧಿಕಾರಿ' ಎಂದು ಬರೆದೆ. ಅರ್ಥವನ್ನು ನಾವು ನಿಘಂಟಿನಲ್ಲಿ ನೋಡುವುದಿಲ್ಲ. ಜನ ಅದನ್ನು ಹೇಗೆ ಬಳಸಿದರೋ ಅದೇ ಅರ್ಥ, ಅದಕ್ಕೆ ತಕ್ಕ ಪರಿಹಾರ. ಅದಕ್ಕೆಂದೇ ನಿಮ್ಮ ಕಾಲದಿಂದ ನಿನ್ನೆಯವರೆಗಿನ ಮೆಸೇಜುಗಳನ್ನೆಲ್ಲ ಜೋಪಾನ ಮಾಡಿದ್ದೇವೆ. (ಹೌದು, ಎಲ್ಲವನ್ನೂ. ಆಮೇಲೆ ನಾಚಿಕೊಳ್ಳಿ.) ಅವನ್ನು ಹುಡುಕಿ ಓದುವ ಪದಸಾಕ್ಷಿ ವಿರೂಪಣ್ಣ ತುಂಬಿದ ಸಭೆಯಲ್ಲಿ ಶುರುಮಾಡಿದ. ಫ್ಯಾನ್ ಆರಿಸಿದ ಅಮ್ಮ ಸರ್ವಾಧಿಕಾರಿ. ರಿಮೋಟ್ ಬಚ್ಚಿಟ್ಟ ಅಣ್ಣ ಸರ್ವಾಧಿಕಾರಿ. ಸೋಫಾ ಬಿಟ್ಟೇಳದ ಬೆಕ್ಕು ಸರ್ವಾಧಿಕಾರಿ. ಎರಡನೇ ದೋಸೆಗೆ ತುಪ್ಪ ಹಾಕದ ಅತ್ತಿಗೆ ಮಹಾ ಸರ್ವಾಧಿಕಾರಿ! ಜನ ಬಿದ್ದು ಬಿದ್ದು ನಕ್ಕರು. ಮೋಡಪಾಲರೂ ನಕ್ಕರು; ನನಗೆ ಉರಿದದ್ದು ಅದೇ.

"ಏನ್ ತಮ್ಮಾ, ದೋಸಿಗೆ ತುಪ್ಪ ಹಾಕ್ಲಿಲ್ಲೇನು ಸಾಹೇಬ್ರು?" ಎಂದ ವಿರೂಪಣ್ಣ, ಕಣ್ಣೊರೆಸಿಕೊಳ್ಳುತ್ತ.

ತೀರ್ಪು: ದೂರುದಾರನಿಗೆ ದೋಸೆ ಒಂದು, ತುಪ್ಪ ಸಹಿತ. ದೋಸೆ ಬಂತು, ತಣ್ಣಗಿತ್ತು. ಅಕ್ಕ ಬರಲಿಲ್ಲ.

ಅಲ್ಲ ಸ್ವಾಮಿ, ನಿಮಗೆ ಬೈಗುಳದ ಬರವಿತ್ತೇ? ಜಿಪುಣಿ ಇರಲಿಲ್ಲವೇ, ಹಟಮಾರಿ ಇರಲಿಲ್ಲವೇ? ಬೆಕ್ಕಿಗೆ ಬೆಕ್ಕು ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಪ್ರಶ್ನೆ ಕೇಳಿದವರನ್ನು ಕೂಡಿಹಾಕುವವನಿಗೆಂದು ಇದ್ದ ಪದವದು!

ಇನ್ನೊಂದು ಮಾತನ್ನು ನುಂಗಿಕೊಳ್ಳೋಣವೆಂದಿದ್ದೆ. ವಿರೂಪಣ್ಣ ಕೊನೆಗೆ ಓದಿದ ಮೆಸೇಜು ನನ್ನದೇ: 'ಕಿವಿ ಹಿಂಡುವ ನಮ್ಮಕ್ಕ ಸರ್ವಾಧಿಕಾರಿ.'

ಮೇಲ್ಮನವಿಗೆ ಹನ್ನೆರಡು ದಿನವಿದೆ. ನಿಮ್ಮ ಕಾಲದಲ್ಲಿ ಆ ಪದಕ್ಕೆ ನಿಜವಾಗಿ ತಕ್ಕವನೊಬ್ಬನಿದ್ದರೆ, ಅವನನ್ನು ಆ ಪದದಿಂದಲೇ ಕರೆಯಿರಿ, ಬರೆದಿಡಿ; ಹುಡುಕಿ ತೆಗೆಯುವ ಕೆಲಸ ನಮ್ಮದು. ಅಕ್ಕ ಹೊರಬಂದು ಎರಡೂ ಕಿವಿ ಹಿಂಡಲಿ. ಅಕ್ಕ ಎಂದಷ್ಟೇ ಕೂಗುತ್ತೇನೆ.

ಲೆಕ್ಕ ತಪ್ಪಿದಷ್ಟು 'ಮರಿ'ಗಳಾಚೆಗಿನ ನಿಮ್ಮ ಮರಿಮೊಮ್ಮಗ,
ಸಿದ್ಲಿಂಗ