ಹೊರಟು ನಿಂತವರು

ಬೈತಖೋಲ, ಕಾರವಾರ
೧೯ ನವೆಂಬರ್ ೨೦೨೫, ಬುಧವಾರ

ಚಿರಂಜೀವಿ ಸೌಭಾಗ್ಯವತಿ ಭವ್ಯಾಳಿಗೆ,

ಆಯಿಯ ಆಶೀರ್ವಾದ ಇದೆ. ಜೊತೆಗೆ ಸಿಟ್ಟೂ ಇದೆ, ಆದರೆ ಅದು ನಿನ್ನ ಮೇಲಲ್ಲ.

ಮೇಲೆ ಬರೆದ ಊರಿನ ಹೆಸರನ್ನು ಎರಡೆರಡು ಸಲ ಓದಬೇಡ. ಸರಿಯಾಗಿಯೇ ಬರೆದಿದ್ದೇನೆ. ನಾನೂ ನಿನ್ನ ಅಪ್ಪನೂ ಬೆಳಸೆಯ ಮನೆಯಲ್ಲಿ ಇಲ್ಲ. ಜೂನ್ ತಿಂಗಳಿಂದ ಇಲ್ಲಿ, ಬಂದರದ ಹಿಂದೆ ಗುಡ್ಡದ ಬುಡದಲ್ಲಿ, ಮೀನು ಮಾರುವ ಹೀರಾ ಎಂಬವಳ ಮನೆಯ ಹಿಂಬದಿಯ ಕೋಣೆಯಲ್ಲಿ ಇದ್ದೇವೆ.

ನಿನ್ನೆ ಬೆಳಿಗ್ಗೆ ಫೋನಿನಲ್ಲಿ, ಹೊನ್ನತ್ತೆಯ ಮಗ ಉಮೇಶ ಕೇಳಿದರೆ ಆಯಿ ಅಪ್ಪ ಇಬ್ಬರೂ ಆಕ್ಲೆಂಡಿನಿಂದ ವಿಮಾನ ಹತ್ತಿ ಊರಿಗೆ ಹೊರಟರು ಎಂದು ಹೇಳು ಎಂದೆ. "ಯಾವ ವಿಮಾನ ಆಯಿ? ನಿಮ್ಮ ವೀಸಾನೇ ಬರ್ಲಿಲ್ಲ, ನೀವು ಇಲ್ಲಿಗೆ ಬಂದೇ ಇಲ್ಲ, ತಲೆ ಸರಿ ಉಂಟಾ ನಿಂದು?" ಎಂದು ನೀನು ಕೂಗಿದೆ. ನನ್ನ ತಲೆ ಸರಿ ಇದೆ. ಒಂದೇ ಕೋಣೆ, ನಿನ್ನ ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಅವರೆದುರು ಇದೆಲ್ಲ ಬಿಡಿಸಿ ಹೇಳಲು ಆಗಲಿಲ್ಲ. ಅದೂ ಅಲ್ಲದೆ ನೀನು ಮಾತಿನ ನಡುವೆ ಬಾಯಿ ಹಾಕುತ್ತೀ. ಕಾಗದದ ನಡುವೆ ಯಾರೂ ಬಾಯಿ ಹಾಕಲಾರರು. ಹೀರಾಳ ತಂಗಿಯ ಮಗ ಸೂರಜ್, ಹಣಕೋಣದವನು, ಇವತ್ತು ಸಂಜೆ ನಿಮ್ಮ ಊರಿಗೇ ಓದಲು ಹೊರಡುತ್ತಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅವನಿಗೆ ಒಂದು ಊಟ ಹಾಕು. ಅವನ ವೀಸಾ ಮೂರು ವಾರದಲ್ಲಿ ಬಂತಂತೆ.

ಮೇ ತಿಂಗಳಲ್ಲಿ ಆ ವೀಸಾ ಏಜೆಂಟ, ಇನ್ನೇನು ಹದಿನೈದು ದಿನ, ತಯಾರಾಗಿ ಎಂದ. ನಾನು ತಯಾರಾದೆ. ಯಾವ ಕೆಲಸವನ್ನೂ ಅರ್ಧಕ್ಕೆ ಮಾಡಿದವಳು ನಾನಲ್ಲ. ಗದ್ದೆಯನ್ನು ಉಮೇಶನಿಗೆ ವಹಿಸಿದೆ. ಎಮ್ಮೆಯನ್ನು ಕೊಟ್ಟುಬಿಟ್ಟೆ. ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದೆ, ಹೂವು ಬಲಕ್ಕೇ ಬಿತ್ತು. ಭಟ್ಟರು ಪಂಚಾಂಗ ನೋಡಿ, ಆಷಾಢ ಹಿಡಿಯುವ ಮೊದಲು ಒಂದೇ ಒಳ್ಳೆಯ ದಿನ ಉಂಟು, ಅದು ತಪ್ಪಿದರೆ ಕಾಯಬೇಕು ಎಂದರು. ನಮ್ಮ ಮನೆಯ ಪದ್ಧತಿ ನಿನಗೆ ಮರೆತಿರಬಹುದು. ಪ್ರಯಾಣದ ದಿನ ಕೂಡಿ ಬರದಿದ್ದರೆ ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆ ಸಮೇತ ಹೊರಬಿದ್ದು ಬೇರೆ ಕಡೆ ಉಳಿಯುವುದು. ಅಲ್ಲಿಂದ ಮುಂದೆ ಯಾವ ದಿನ ಹೋದರೂ ದೋಷವಿಲ್ಲ. ಆದರೆ ಹಾಗೆ ಹೊರಟವರು ಹೋದ ಕೆಲಸ ಮುಗಿಯದೆ ತಿರುಗಿ ಬಂದು ತಮ್ಮ ಹೊಸಿಲು ತುಳಿಯಬಾರದು.

ಎಂಟು ದಿನದ ಮಾತು ಎಂದುಕೊಂಡು ಹೊರಬಿದ್ದೆ.

ಊರಿನ ಹೆಂಗಸರೆಲ್ಲ ಬಂದು ಉಡಿ ತುಂಬಿದರು. ಉಮೇಶ ಎರಡು ಪಂಕ್ತಿ ಊಟ ಹಾಕಿಸಿದ. ನಿನ್ನ ಹೊನ್ನತ್ತೆ ಕೋಲು ಊರಿಕೊಂಡು ಬಂದು ನಿನ್ನ ಅಪ್ಪನ ತಲೆ ಸವರಿ, "ಶಿವಾ, ಅಷ್ಟು ದೊಡ್ಡ ಸಮುದ್ರ ದಾಟ್ತೆ, ಅಲ್ಲಿ ಹೋಗಿ ಊಟದ ಹೊತ್ತಿಗೆ ಹಟ ಮಾಡಬೇಡ" ಎಂದಳು. ಎಪ್ಪತ್ತರ ಮುದುಕನಿಗೆ! ತಾಯಿ ಸತ್ತ ಮೇಲೆ ಅವರನ್ನು ಸಾಕಿದ ಅಕ್ಕ ಅವಳೇ ತಾನೆ. ಊರಿನವರಿಗೆ ವೀಸಾ ಬಂದಿದೆ ಎಂದು ನಾನು ಹೇಳಲಿಲ್ಲ. ಬಂದಿಲ್ಲ ಎಂದೂ ಹೇಳಲಿಲ್ಲ. ಅವರೇ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಉಮೇಶ ಗೋವಾದ ವಿಮಾನ ನಿಲ್ದಾಣಕ್ಕೆ ಬರುತ್ತೇನೆಂದು ಹೊರಟಾಗ, ಕಾರವಾರದಿಂದ ಮುಂದೆ ನಮಗೆ ಬೇರೆ ವ್ಯವಸ್ಥೆ ಇದೆ, ಅಲ್ಲಿ ಬಂದು ಅಳುವುದು ಬೇಡ ಎಂದೆ. ಅದೂ ಸುಳ್ಳಲ್ಲ.

ಆಮೇಲೆ ನಿನ್ನ ಅಪ್ಪನ ಎದೆಯ ಎಕ್ಸ್‌ರೇಯಲ್ಲಿ ಏನೋ ಹಳೆಯ ಕಲೆ ಎಂದರು. ಇನ್ನೊಂದು ತೆಗೆಸಿದೆವು. ಆಮೇಲೆ ಪ್ರತಿ ಶುಕ್ರವಾರ ನೀನು ಕಳಿಸಿದ್ದು ಒಂದೇ ಮಾತು, ಪರಿಶೀಲನೆಯಲ್ಲಿದೆ. ಆಷಾಢ ಹೋಯಿತು, ಚೌತಿ ಹೋಯಿತು, ದೀಪಾವಳಿಯೂ ಹೋಯಿತು. ನಮ್ಮ ಮನೆಯಲ್ಲಿ ಗಣಪತಿ ಕೂರಿಸದೇ ಇದ್ದದ್ದು ಇದೇ ಮೊದಲು.

ಯಾಕೆ ತಿರುಗಿ ಹೋಗಲಿಲ್ಲ ಎನ್ನುತ್ತೀ. ಪಕ್ಕದ ಮನೆಯ ಮಾದೇವಿ ನಿನಗೆ ನೆನಪಿರಬೇಕು. ಒಮ್ಮೆ ಮಗನ ಮನೆಗೆಂದು ಮುಂಬೈಗೆ ಹೊರಟವಳು, ರೈಲು ನಿಂತಿತೆಂದು ಎರಡೇ ದಿನಕ್ಕೆ ತುಂಬಿದ ಉಡಿಯೊಂದಿಗೆ ತಿರುಗಿ ಬಂದಳು. ಅವಳಿಗೆ ಮುಂಬೈ ಮಾದೇವಿ ಎಂದು ಹೆಸರಿಟ್ಟವಳು ನಾನು. ಇವತ್ತಿಗೂ ಊರಿನ ಮಕ್ಕಳು ಹಾಗೇ ಕರೆಯುತ್ತಾರೆ. ನನಗೆ ಏನು ಹೆಸರು ಇಡಬಹುದೆಂದು ನಾನು ಇಲ್ಲಿ ಕೂತು ಎಷ್ಟೋ ಯೋಚಿಸಿದ್ದೇನೆ.

ಹೀಗಾಗಿ ಊರಿನವರ ಪಾಲಿಗೆ ನಾವು ನಿನ್ನ ಮನೆಯಲ್ಲಿದ್ದೇವೆ. ನಿನ್ನ ಪಾಲಿಗೆ ಊರಿನಲ್ಲಿದ್ದೇವೆ. ನೀನು ವಿಡಿಯೋದಲ್ಲಿ, "ತುಳಸಿಕಟ್ಟೆ ತೋರ್ಸೇ ಆಯಿ" ಎಂದಾಗಲೆಲ್ಲ ನೆಟ್‌ವರ್ಕ್ ಹೋಗುತ್ತಿದ್ದದ್ದು ಈ ಕಾರಣಕ್ಕೆ. ಉಮೇಶ ನಿನ್ನ ಮದುವೆಗೆ ಬರಲಿಲ್ಲವೆಂದು ನೀವಿಬ್ಬರೂ ಮಾತು ಬಿಟ್ಟದ್ದು ನನಗೆ ಅನುಕೂಲವೇ ಆಯಿತು. ಅವನು ನಿನ್ನ ಅಪ್ಪನಿಗೆ ವಾಟ್ಸಾಪಿನಲ್ಲಿ ಫೋನ್ ಮಾಡುತ್ತಾನೆ, ಎಲ್ಲಿಂದ ಮಾತಾಡುತ್ತೇವೆಂದು ಅದರಲ್ಲಿ ಗೊತ್ತಾಗುವುದಿಲ್ಲ. ಒಂದು ಸಲ ಹೊರಗೆ ಮೀನಿನ ಹರಾಜು ಜೋರಾಗಿ ನಡೆದಿತ್ತು. "ಮಾವಾ, ಅಲ್ಲೂ ಬಂಗಡೆ ಬಂಗಡೆ ಅಂತ ಕೂಗ್ತ್ರಾ?" ಎಂದು ಅವನು ಕೇಳಿದ. "ಸಮುದ್ರ ಇದ್ದಲ್ಲೆಲ್ಲ ಕೂಗ್ತ್ರು ಮಾರಾಯಾ" ಎಂದು ನಿನ್ನ ಅಪ್ಪ ಫೋನ್ ಇಟ್ಟರು. ಆಗ ನಾವಿಬ್ಬರೂ ನಕ್ಕೆವು. ಈ ಕೋಣೆಯಲ್ಲಿ ನಕ್ಕದ್ದು ಅದೊಂದೇ ಸಲ.

ಹಗಲು ನಾವು ಹೊರಗೆ ಹೋಗುವುದಿಲ್ಲ. ನಮ್ಮೂರಿನ ಬಳಿಯ ಅಂಕೋಲಾ ಪೇಟೆಗೆ ಮೀನು ಒಯ್ಯುವವರು ಇಲ್ಲಿಗೇ ಬರುತ್ತಾರೆ, ಅದನ್ನು ನಾನು ಮೊದಲು ಯೋಚಿಸಲಿಲ್ಲ. ಒಂದು ಬೆಳಿಗ್ಗೆ ಗುರುತಿನ ಮುಖ ಕಂಡು ನಿನ್ನ ಅಪ್ಪ ಐಸಿನ ಪೆಟ್ಟಿಗೆಗಳ ಹಿಂದೆ ಕೂತುಬಿಟ್ಟರಂತೆ. ಒದ್ದೆಯಾಗಿ ಬಂದರು. ಗದ್ದೆಯಲ್ಲಿ ನಡೆದ ಕಾಲು, ಈಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಹೀರಾ ಕೆಟ್ಟವಳಲ್ಲ, ನಾಲಗೆ ಮಾತ್ರ ಉದ್ದ. "ಬಾಯ್, ನಿಮ್ಮ ನ್ಯೂಜಿಲೆಂಡ್ ನನ್ನ ಹಿತ್ತಲಲ್ಲೇ ಉಂಟು ಅಂತ ಗೊತ್ತಿದ್ರೆ ನಾನೂ ಉಡಿ ತುಂಬಿಸ್ಕೊಂಡು ಬರ್ತಿದ್ದೆ" ಎಂದಳು. ನಾನು ಅವಳೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದೆ, ಇಲ್ಲಿ ಮಾತಾಡಲು ಬೇರೆ ಯಾರಿದ್ದಾರೆ?

ಈಗ ಮುಖ್ಯ ವಿಷಯ.

ಸೋಮವಾರ ಸಂಜೆ ಉಮೇಶನ ಫೋನ್ ಬಂತು. ಹೊನ್ನತ್ತೆ ಊಟ ಬಿಟ್ಟಿದ್ದಾಳೆ, ಗಂಜಿಯ ನೀರೂ ಇಳಿಯುತ್ತಿಲ್ಲ, ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರೆ. "ಶಿವಾ ಬಂದ್ನಾ, ಶಿವಾ ಬಂದ್ನಾ" ಎಂದು ಬಾಗಿಲು ನೋಡುತ್ತಾಳಂತೆ. "ನಾ ಹೇಳ್ದೆ, ಮಾವ ಸಮುದ್ರದ ಆಚೆ ಇದ್ರು, ಬರೂದ್ ಕಷ್ಟ ಅಂತ. ಅವ್ಳಿಗೆ ತಿಳೂದಿಲ್ಲ. ನೀವು ಬೇಜಾರ್ ಮಾಡ್ಕೋಬೇಡಿ ಮಾವಾ. ಹೆಚ್ಚುಕಮ್ಮಿ ಆದ್ರೆ ತವರಿನ ಸೀರೆ ನಾನೇ ನಿಮ್ಮ ಹೆಸರಲ್ಲಿ ತಂದು ಹೊದಿಸ್ತೆ" ಎಂದ. ಆಮೇಲೆ ಫೋನನ್ನು ಅವಳ ಕಿವಿಗೆ ಹಿಡಿದ. ನಿನ್ನ ಅಪ್ಪ "ಅಕ್ಕಾ" ಎಂದರು.

ಫೋನ್ ಇಟ್ಟವರೇ ಅಂಗಿ ಹಾಕಿಕೊಂಡರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸರಿ" ಎಂದರು. ನಾನು ಸರಿಯಲಿಲ್ಲ. ಈಗ ಫೋನ್ ಇಟ್ಟವರು ಒಂದು ತಾಸಿನಲ್ಲಿ ಬೆಳಸೆಯಲ್ಲಿ ಇಳಿದರೆ ಎಲ್ಲಿಂದ ಬಂದೆ ಎನ್ನುತ್ತೀರಿ ಎಂದು ಕೇಳಿದೆ. "ತವರು ಅಂದ್ರೆ ನಾನು. ನಾನು ಸತ್ತಿಲ್ಲ. ಇಲ್ಲೇ ಇದ್ದೆ, ಮೂವತ್ತೈದು ಕಿಲೋಮೀಟರ್ ಆಚೆ. ನೀ ಸರಿಯೇ" ಎಂದರು. ನಮ್ಮ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನಗೆ ದನಿ ಎತ್ತಿರಲಿಲ್ಲ. ಆಗ ನನಗೆ ಈ ಉಪಾಯ ಹೊಳೆಯಿತು. ಹೊಳೆದಾಗ ಸ್ವಲ್ಪ ಹೆಮ್ಮೆಯೂ ಆಯಿತು ಎಂದು ಬರೆದರೆ ನೀನು ಏನು ತಿಳಿಯುತ್ತೀಯೋ.

ಅಕ್ಕನನ್ನು ನೋಡಲು ತಮ್ಮ ವಿದೇಶದಿಂದ ಬಂದರೆ ನಗುವವರು ಯಾರು? ಕೈ ಮುಗಿಯುತ್ತಾರೆ. ಉಮೇಶನಿಗೆ ನಾನೇ ತಿರುಗಿ ಫೋನ್ ಮಾಡಿ, ನಾಳೆ ಅಲ್ಲಿಂದ ಹೊರಡುತ್ತೇವೆ, ಗುರುವಾರ ಬೆಳಿಗ್ಗೆ ಮನೆ ಮುಟ್ಟುತ್ತೇವೆ ಎಂದೆ. ಎರಡು ವಿಮಾನ ಬದಲಿಸಿ ಗೋವಾಕ್ಕೆ ಬರಲು ಅಷ್ಟು ಹೊತ್ತು ಬೇಕೆಂದು ನೀನೇ ಹೇಳಿದ್ದೆಯಲ್ಲ. ಹುಡುಗ ಅತ್ತುಬಿಟ್ಟ. "ಮಾಮಿ, ನೀವು ದೊಡ್ಡೋರು" ಎಂದ. ನಾಳೆ ನಸುಕಿಗೆ ಗೋವಾ ನಂಬರಿನ ಟ್ಯಾಕ್ಸಿ ಬರುವಂತೆ ಹೀರಾ ಗೊತ್ತುಮಾಡಿದ್ದಾಳೆ. ಗಲ್ಫಿನಿಂದ ಬಂದ ಯಾರದೋ ಚೀಲದ ವಿಮಾನದ ಚೀಟಿಯನ್ನೂ ತಂದು ನಮ್ಮ ಪೆಟ್ಟಿಗೆಗೆ ಕಟ್ಟಿದ್ದಾಳೆ. ಹೊನ್ನತ್ತೆಯ ಮನೆಯಲ್ಲೇ ಇಳಿಯುತ್ತೇವೆ, ನಮ್ಮ ಹೊಸಿಲನ್ನು ತುಳಿಯುವುದಿಲ್ಲ. ಅಲ್ಲಿಗೆ ಪದ್ಧತಿಯೂ ಕೆಡುವುದಿಲ್ಲ, ಮಾನವೂ ಉಳಿಯುತ್ತದೆ.

ನಿನ್ನೊಡನೆ ಮಾತು ಮುಗಿಸಿ ನಿನ್ನೆಯಿಂದ ಫೋನ್ ಬಂದ್ ಮಾಡಿ ಇಟ್ಟಿದ್ದೇನೆ. ವಿಮಾನದಲ್ಲಿ ಫೋನ್ ನಡೆಯುವುದಿಲ್ಲವಲ್ಲ.

ನಿನ್ನ ಅಪ್ಪ ಒಪ್ಪಿದರು ಎಂದೇ ನಾನು ತಿಳಿದಿದ್ದೇನೆ. ಸೋಮವಾರದಿಂದ ಮಾತಿಲ್ಲ. ಹಾಕಿದ ಅಂಗಿಯನ್ನು ತೆಗೆದಿಲ್ಲ, ಅದರಲ್ಲೇ ಮಲಗಿ ಏಳುತ್ತಾರೆ. ಅನ್ನ ಬಡಿಸಿದರೆ ತಟ್ಟೆ ಸರಿಸುತ್ತಾರೆ. ಇವತ್ತು ಬೆಳಿಗ್ಗೆ ಹೀರಾ ಬಂದು ನೋಡಿ ನನ್ನನ್ನು ಹೊರಗೆ ಕರೆದು, "ಬಾಯ್, ವಿಮಾನವನ್ನ ಸ್ವಲ್ಪ ಬೇಗ ಇಳಿಸೂಕೆ ಆಗೂದಿಲ್ವ?" ಎಂದಳು. ತಮಾಷೆಯೆಂದು ಗದರಿಸಿ ಕಳಿಸಿದೆ. ಅವಳು ನಗುತ್ತಿರಲಿಲ್ಲ ಎಂದು ಈಗ ಬರೆಯುವಾಗ ಅನಿಸುತ್ತದೆ.

ಇಷ್ಟು ದಿನ ಕಾದವರಿಗೆ ಒಂದು ರಾತ್ರಿ ಹೆಚ್ಚಲ್ಲ. ಹೊನ್ನತ್ತೆ ಗಟ್ಟಿ ಹೆಂಗಸು. ಒಮ್ಮೆ ಹಾವು ಕಚ್ಚಿದಾಗಲೂ ಎರಡು ದಿನ ಮಲಗಿ ಎದ್ದು ಗದ್ದೆಯ ನಟ್ಟಿಗೆ ಹೋದವಳು.

ನೀನು ಮಾಡಬೇಕಾದದ್ದು ಇಷ್ಟು. ಉಮೇಶನಿಗೂ ಊರಿನವರಿಗೂ ನಾವು ಇಷ್ಟು ದಿನ ನಿನ್ನ ಬಳಿ ಇದ್ದೆವೆಂದೇ ಹೇಳು. ನನಗೆ ಅಲ್ಲಿಯ ಚಳಿ ಹಿಡಿಸಲಿಲ್ಲ, ಇನ್ನು ತಿರುಗಿ ಹೋಗುವುದು ಸಂಶಯ ಎಂದೂ ಮೆಲ್ಲನೆ ಸೇರಿಸು. ಮುಂದೆ ವೀಸಾ ಬರದೇ ಹೋದರೂ ಯಾರೂ ಕೇಳುವುದಿಲ್ಲ. ಈ ಕಾಗದವನ್ನು ಅಳಿಯನಿಗೆ ತೋರಿಸಬೇಡ. ನೀನು ಆಸ್ಪತ್ರೆಯಲ್ಲಿ ಹಗಲು ರಾತ್ರಿ ದುಡಿದು ನಮ್ಮ ಅರ್ಜಿ ಹಾಕಿದವಳು. ಆಯಿ ಅಪ್ಪ ಮೀನಿನ ಬಂದರದಲ್ಲಿ ಬಚ್ಚಿಟ್ಟುಕೊಂಡಿದ್ದರು ಎಂಬ ಮಾತು ನಿನಗೆ ಅಂಟುವುದು ಬೇಡ. ನಾನು ನಿನಗೆ ಹೇಳದೇ ಇದ್ದದ್ದೂ ಅದಕ್ಕೇ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ಯಶೋದಾ

ತಾ.ಕ.: ಮೇಲಿನದನ್ನು ಮಡಚಿ ಲಕೋಟೆಗೆ ಹಾಕಿದ್ದೆ. ಮಧ್ಯಾಹ್ನ ನಿನ್ನ ಅಪ್ಪ ನನ್ನ ದಿಂಬಿನ ಅಡಿಯಿಂದ ಫೋನ್ ತೆಗೆದು ಚಾಲೂ ಮಾಡಿದರು. ಉಮೇಶ ಮಾತಾಡಿ ಕಳಿಸಿದ್ದು ಬಂದು ಕೂತಿತ್ತು. "ಮಾವಾ, ಆಯಿ ಬೆಳಿಗ್ಗೆ ಹೋದ್ಲು. ನೀವು ಇಳಿದ ಮೇಲೆ ಇದನ್ನ ಕೇಳ್ತ್ರಿ ಅಂತ ಗೊತ್ತು. ಗಡಿಬಿಡಿ ಮಾಡ್ಬೇಡಿ. ಐಸ್ ತರ್ಸಿ ಇಟ್ಟಿದ್ವಿ. ಊರವ್ರೆಲ್ಲ ಅಂಗಳದಲ್ಲೇ ಕುಂತಿದ್ರು, ಯಾರ ಮನೇಲೂ ಒಲೆ ಹಚ್ಚಲಿಲ್ಲ. ನೀವು ಬರೂವರೆಗೆ ಎತ್ತೂದಿಲ್ಲ."

ಅವಳು ಹೋದ ಹೊತ್ತಿಗೆ, ನನ್ನ ಲೆಕ್ಕದಲ್ಲಿ, ನಾವು ಆಕಾಶದಲ್ಲಿದ್ದೆವು.

ನಾಳೆ ಬೆಳಗಿನವರೆಗೆ ಎಲ್ಲರನ್ನೂ ಹಾಗೇ ಕೂರಿಸಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಿನ್ನ ಅಪ್ಪ ಕೂಗಾಡಲಿಲ್ಲ. ಎದ್ದು ನಿಂತು ನನ್ನ ಮುಖ ನೋಡಿದರು, ಅಷ್ಟೇ. ಟ್ಯಾಕ್ಸಿ ಬೇಡ ಎಂದು ಹೀರಾಳಿಗೆ ಹೇಳಿದ್ದೇನೆ. ಕಾಗದವನ್ನು ಅವಳ ಕೈಯಲ್ಲಿ ಕೊಟ್ಟು ಈಗಲೇ ಹೊರಡುತ್ತಿದ್ದೇವೆ. ಇಷ್ಟು ಬೇಗ ಹೇಗೆ ಮುಟ್ಟಿದಿರಿ ಎಂದು ಆ ಅಂಗಳದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಿನ್ನ ಅಪ್ಪ ಉತ್ತರ ಕೊಡಬೇಕಾಗಿಲ್ಲ. ಬೈತಖೋಲದಿಂದ ಬಸ್ಸಿನಲ್ಲಿ ಬಂದೆವು ಎಂದು ನಾನೇ ಹೇಳುತ್ತೇನೆ.